ಅವಧಿ ಮೀರಿದ ಪ್ಲಾಸ್ಮಾದಿಂದ ಹ್ಯಾಪ್ಟೊಗ್ಲೋಬಿನ್: ನನ್ನ ಅನುಭವ

ಕೆಂಪುಕಣ ಒಡೆದು ಹೊರಬಿದ್ದ ಹಿಮೊಗ್ಲೋಬಿನನ್ನು ಹಿಡಿದಿಡುವ ರಕ್ತದ ಪ್ರೋಟೀನ್ ಹ್ಯಾಪ್ಟೊಗ್ಲೋಬಿನ್. ಹಿಮೊಗ್ಲೋಬಿನ್ ಕೂರಿಸಿದ ಅಗರೋಸ್ (ಜೆಲ್ ಮಣಿಗಳ) ಕಾಲಂಗೆ ಅದು ಒಮ್ಮೆ ಹಿಡಿದುಕೊಂಡರೆ ಕೆಲಸಕ್ಕೆ ಬರುವ ಸ್ಥಿತಿಯಲ್ಲಿ ಕೆಳಗಿಳಿಯುವುದಿಲ್ಲ ಎಂದು ನಮ್ಮ ವಿಭಾಗದಲ್ಲಿ ಹಲವರು ಕೈಚೆಲ್ಲಿಬಿಟ್ಟಿದ್ದರು. ಈಗ ಲೀಟರ್ ಪ್ಲಾಸ್ಮಾಕ್ಕೆ ಹೆಚ್ಚುಕಡಿಮೆ 300 ಮಿಲಿಗ್ರಾಂ ಇಳಿಸುತ್ತಿದ್ದೇನೆ. ಕೊಳ್ಳಲು ಹೋದರೆ ಮಿಲಿಗ್ರಾಂ ಲೆಕ್ಕದಲ್ಲೇ ಸಾವಿರಗಟ್ಟಲೆ ತೆರಬೇಕು.

ಮೆದುಳಿನ ಪೊರೆಯಡಿ ರಕ್ತಸ್ರಾವವಾದವರಲ್ಲಿ ಕೆಂಪುಕಣಗಳು ದಿನಗಳ ಕಾಲ ಒಡೆಯುತ್ತಾ ಹಿಮೊಗ್ಲೋಬಿನ್ ಸುರಿಸುತ್ತವೆ. ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವದಲ್ಲಿರುವ ಅಲ್ಪ ಹ್ಯಾಪ್ಟೊಗ್ಲೋಬಿನ್ ಅದಕ್ಕೆ ಸಾಲದು. ಅದನ್ನು ಹೊರಗಿನಿಂದ ತುಂಬಿಸಿಕೊಡಬಹುದೇ ಎಂಬುದೇ ನನ್ನ ಹುಡುಕಾಟ.

8 ಮೋಲಾರ್ ಯೂರಿಯಾದಲ್ಲಿ ಪ್ರೋಟೀನ್ ಇಳಿಯಿತು, ಆದರೆ ಹಿಮೊಗ್ಲೋಬಿನ್ ಹಿಡಿಯುವ ಶಕ್ತಿ ಬಹುಪಾಲು ಹೋಗಿತ್ತು. ಆಮ್ಲೀಯ ಗ್ಲೈಸಿನ್‌ನಲ್ಲಿ ಅರ್ಧದಷ್ಟು ಉಳಿಯಿತು. ಜೊತೆಗೆ ಕಾಲಂನಿಂದಲೇ ಹಿಮೊಗ್ಲೋಬಿನ್ ಸೋರಿ ದ್ರವಕ್ಕೆ ಗುಲಾಬಿ ಛಾಯೆ ಬರುತ್ತಿತ್ತು. ಪ್ಲಾಸ್ಮಾ ಹಾಕುವ ಮೊದಲು ಇಳಿಸುವ ದ್ರಾವಣದಲ್ಲೇ ಕಾಲಂ ತೊಳೆದಾಗ ಆ ಕಾಟ ತಪ್ಪಿತು. ಶೀತದಲ್ಲಿ ಬೇಗ ಇಳಿಸಿ, ಬೀಳುವ ಹನಿಯನ್ನು ಹಾಗೆಯೇ ತಟಸ್ಥಗೊಳಿಸಬೇಕು. ಕೆಳಗಿನ ಪಾತ್ರೆಯಲ್ಲಿ ನಾನು ಬೆರೆಸಿಡುವ ವಸ್ತುವನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ. ಇಡೀ ವಿಧಾನ ನಿಂತಿರುವುದು ಅದರ ಮೇಲೆ. ಹಿಮೊಗ್ಲೋಬಿನ್ ಹಿಡಿಯುವ ಶಕ್ತಿಯನ್ನು ಬಣ್ಣದಿಂದ ಅಳೆಯುವ ಗ್ವಾಯಕಾಲ್ ಪೆರಾಕ್ಸಿಡೇಸ್ ಪರೀಕ್ಷೆಯಲ್ಲಿ ಅದು ಶೇಕಡಾ 80ರ ಆಸುಪಾಸು ಬಂದಾಗ ಅನುಮಾನಿಸಿದವರೇ ಬಂದು ಟೆಸ್ಟ್ ಟ್ಯೂಬ್ ಎತ್ತಿ ನೋಡಿದರು.

ಹಣ ನುಂಗಿದ್ದು ಬ್ಯಾಕ್ಟೀರಿಯಾದ ಕೋಶಭಿತ್ತಿಯಿಂದ ಬರುವ, ಉರಿಯೂತ ಕೆರಳಿಸುವ ಕಲ್ಮಶವಾದ ಎಂಡೊಟಾಕ್ಸಿನ್. ಮೊದಮೊದಲ ಬ್ಯಾಚ್‌ಗಳನ್ನು ಮಾನೊಸೈಟ್‌ಗಳಿಗೆ (ಒಂದು ಬಗೆಯ ಬಿಳಿ ರಕ್ತಕಣ) ಹಾಕಿದರೆ ಉರಿಯೂತದ ಸಂಕೇತವಾದ ಟಿಎನ್‌ಎಫ್ ಇಳಿಯುವ ಬದಲು ಏರುತ್ತಿತ್ತು. ಪ್ರೋಟೀನನ್ನೇ ದೂರುವವರಿದ್ದರು, ನಾನು ಒಪ್ಪಲಿಲ್ಲ. ಎಂಡೊಟಾಕ್ಸಿನ್ ಅಳೆಯುವ ಲಿಮ್ಯುಲಸ್ ಕಿಟ್‌ಗೆ ಮೂವತ್ತು ನಲವತ್ತು ಸಾವಿರ, ಅದನ್ನು ತೆಗೆಯುವ ಪಾಲಿಮಿಕ್ಸಿನ್ ಕಾಲಂಗೆ ಬೇರೆ ಖರ್ಚು, ಅದರಲ್ಲೂ ಮೂರನೇ ಒಂದು ಭಾಗ ಪ್ರೋಟೀನ್ ನಷ್ಟ. ಕಾಸ್ಟಿಕ್ ಸೋಡಾದಲ್ಲಿ ತೊಳೆಯೋಣವೆಂದರೆ ಹಿಮೊಗ್ಲೋಬಿನ್ ಕೆಡುತ್ತದೆ. ಕೊನೆಗೆ ಗಾಜಿನ ಸಾಮಾನನ್ನೆಲ್ಲ 250 ಡಿಗ್ರಿಯಲ್ಲಿ ಕಾಯಿಸಿ, ಬಫರ್‌ಗಳಿಗೆ ಚುಚ್ಚುಮದ್ದಿಗೆ ಬಳಸುವ ಶುದ್ಧ ನೀರನ್ನೇ ಬಳಸಿದೆ. ಏರಿಕೆ ಮಾಯವಾಯಿತು.

ನಡುವೆ ಇಲಿಯ ಬಿವಿ-2 ಮೈಕ್ರೊಗ್ಲಿಯಾದಲ್ಲೂ (ಮೆದುಳಿನ ರಕ್ಷಕ ಕೋಶಗಳು) ನೋಡಿದೆ, ಏನೂ ಕಾಣಲಿಲ್ಲ. ಹ್ಯಾಪ್ಟೊಗ್ಲೋಬಿನ್-ಹಿಮೊಗ್ಲೋಬಿನ್ ಜೋಡಿಯನ್ನು ಕೋಶದೊಳಕ್ಕೆ ಎಳೆದುಕೊಳ್ಳುವುದು ಸಿಡಿ163 ಎಂಬ ಗ್ರಾಹಕ; ಇಲಿಯ ಸಿಡಿ163ಗೆ ಆ ಜೋಡಿಯ ಮೇಲೆ ಮನುಷ್ಯರದಕ್ಕಿರುವ ಒಲವಿಲ್ಲ. ಆ ಕೋಶಗಳಿಗೆ ದುಡ್ಡು ಸುರಿಯಬೇಡಿ. ಮನುಷ್ಯರ ಮಾನೊಸೈಟ್‌ಗಳಿಗೆ ಡೆಕ್ಸಾಮೆಥಸೋನ್ ಕೊಟ್ಟು ಸಿಡಿ163 ಹೆಚ್ಚಿಸಿ, ಡೆಕ್ಸಾಮೆಥಸೋನ್ ಮಾತ್ರ ಕೊಟ್ಟ ಕೋಶಗಳನ್ನು ಹೋಲಿಕೆಗೆ ಇಟ್ಟುಕೊಂಡೆ. ಹಿಮೊಗ್ಲೋಬಿನ್ ಜೊತೆ ನನ್ನ ಪ್ರೋಟೀನ್ ಹಾಕಿದಾಗ ಉರಿಯೂತ ತಗ್ಗಿಸುವ ಐಎಲ್-10 ಎರಡು ಮೂರು ಪಟ್ಟು ಏರಿತು, ಹೀಮ್ ಒಡೆಯುವ ಕಿಣ್ವವಾದ ಹೀಮ್ ಆಕ್ಸಿಜನೇಸ್-1ರ ಪಟ್ಟಿ ದಟ್ಟವಾಯಿತು. ಬರಿಯ ಹಿಮೊಗ್ಲೋಬಿನ್‌ಗೆ ಅಷ್ಟು ಬರಲಿಲ್ಲ.

ನಮ್ಮ ಜನರಲ್ಲಿ ಹ್ಯಾಪ್ಟೊಗ್ಲೋಬಿನ್‌ನ ಆನುವಂಶಿಕ ಬಗೆಗಳ ಪೈಕಿ 2-2 ಬಗೆಯೇ ಹೆಚ್ಚಾದ್ದರಿಂದ ಜೆಲ್‌ನಲ್ಲಿ ಸಿಗುವುದು ದೊಡ್ಡ ಪಾಲಿಮರ್‌ಗಳ ಏಣಿ. ಗಾತ್ರದಲ್ಲಿ ಚಿಕ್ಕದಾದ 1-1 ಮೆದುಳಿನ ಅಂಗಾಂಶದೊಳಕ್ಕೆ ಸುಲಭವಾಗಿ ಹರಡೀತೇ ಎಂದು ನೋಡುವ ಆಸೆಯಿದೆ. ಟೈಪಿಂಗ್ ಮಾಡಿದ 1-1 ಪ್ಲಾಸ್ಮಾ ಯಾರ ಫ್ರೀಜರ್‌ನಲ್ಲಾದರೂ ಇದ್ದರೆ ತಿಳಿಸಿ; ಬದಲಿಗೆ ಶುದ್ಧ 2-2 ಕೊಡುತ್ತೇನೆ.