ಹೆಡ್ ಎತ್ತುವ ಮೊದಲೇ ಬಾಗಿದ ವಾಲ್ವ್ ಎಣಿಸಿದ್ದು: ಟೈಮಿಂಗ್ ಬೆಲ್ಟ್ ಹೋದ ಡೀಸೆಲ್ ಕಾರಿನೊಂದಿಗೆ ನನ್ನ ಅನುಭವ

ಪಿಸ್ಟನ್‌ಗಳು ತಿರುಗಿಸುವ ಕ್ರಾಂಕ್ ದಂಡದೊಂದಿಗೆ, ವಾಲ್ವ್ ತೆರೆಯುವ ಕ್ಯಾಮ್ ದಂಡವನ್ನು ತಾಳ ತಪ್ಪದಂತೆ ತಿರುಗಿಸುವುದು ಟೈಮಿಂಗ್ ಬೆಲ್ಟ್; ಅದು ಹೋದರೆ ಕ್ಯಾಮ್ ನಿಂತು, ತೆರೆದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಡೀಸೆಲ್ ಕಾರಿನ ಈ ಬೆಲ್ಟ್ ಹೋಗಿದ್ದರೆ ಮೊದಲು ಹೆಡ್ (ಸಿಲಿಂಡರುಗಳ ಮೇಲೆ ಕೂತು ವಾಲ್ವ್‌ಗಳನ್ನು ಹೊತ್ತ ಭಾಗ) ಎತ್ತಬೇಕು, ಆಮೇಲೆ ಗಿರಾಕಿಗೆ ಲೆಕ್ಕ ಹೇಳಬೇಕು ಎಂಬುದು ದಾವಣಗೆರೆಯಲ್ಲಿ ನಾನು ಸ್ಪ್ಯಾನರ್ ಹಿಡಿದ ದಿನದಿಂದ ಕೇಳುತ್ತಾ ಬಂದ ಮಾತು. ಹೆಡ್ ಎತ್ತದೆಯೇ, ಸಂದಿಯ ಗ್ಯಾಪ್ ಅಳೆಯುವ ತೆಳು ಲೋಹದ ಹಾಳೆಗಳ ಕಟ್ಟಾದ ಒಂದು ಫೀಲರ್ ಗೇಜನ್ನು ನಂಬಿ, ಯಾವ ಸಿಲಿಂಡರಿನ ಯಾವ ವಾಲ್ವ್ ಬಾಗಿದೆ ಎಂದು ಹೇಳಬಹುದು ಎಂದು ನಾನು ನಾಲ್ಕೈದು ವರ್ಷಗಳಿಂದ ವಾದಿಸುತ್ತಿದ್ದೆ. ಪಕ್ಕದ ಶೆಡ್ಡಿನ ಗೆಳೆಯ "ಇವನು ಫೀಲರ್ ಗೇಜಿನಲ್ಲಿ ಕವಡೆ ಶಾಸ್ತ್ರ ಹೇಳ್ತಾನೆ" ಎಂದು ಬಂದ ಗಿರಾಕಿಗಳ ಎದುರಿಗೇ ನಗುತ್ತಿದ್ದ. ಕಳೆದ ವರ್ಷ ಬಂದ ಒಂದು ಮಹೀಂದ್ರ ವೆರಿಟೊ ಕಾರು ಆ ನಗುವನ್ನು ನಿಲ್ಲಿಸಿತು.

ಎಂಜಿನ್ ನಿಮಗೆಲ್ಲ ಗೊತ್ತಿರುವ 1461 ಸಿಸಿಯ ಕೆ9ಕೆ ಎಂಬ ರೆನೋ ಡೀಸೆಲ್. ಹಳೆಯ ಡೀಸೆಲ್ ಡಸ್ಟರ್, ಸನ್ನಿಗಳಲ್ಲಿಯೂ ಇದ್ದದ್ದು ಇದೇ. ಕಾರು ಹರಿಹರದ ಹೈಸ್ಕೂಲ್ ಮೇಷ್ಟ್ರೊಬ್ಬರದು, ಸುಮಾರು 1 ಲಕ್ಷ 38 ಸಾವಿರ ಕಿಲೋಮೀಟರ್ ಓಡಿತ್ತು. ಹೆದ್ದಾರಿಯ ಟೋಲಿನ ಸರದಿಯಲ್ಲಿ ನಿಂತಿದ್ದಾಗ ಎಂಜಿನ್ ಸದ್ದಿಲ್ಲದೆ ನಿಂತಿತಂತೆ. ಮತ್ತೆ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯಲಿಲ್ಲ. ನನ್ನಲ್ಲಿಗೆ ಬರುವ ಮೊದಲು ಕಾರು ಇನ್ನೊಂದು ಗ್ಯಾರೇಜಿನಲ್ಲಿ ಎರಡು ದಿನ ಇತ್ತು. ಅಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0087, ಅಂದರೆ ರೈಲಿನಲ್ಲಿ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆ) ಒತ್ತಡ ಕಡಿಮೆ ಎಂಬ ಕೋಡ್ ಬಂದಿತ್ತು. ಟೈಮಿಂಗ್ ಕವರಿನ ಮೇಲ್ಭಾಗ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ, ಬೆಲ್ಟ್ ಇಡಿಯಾಗಿದೆ, ಬಿಗಿಯಾಗಿಯೂ ಇದೆ ಎಂದು ಅವರು ತೀರ್ಮಾನಿಸಿದ್ದರು. "ಹೈ ಪ್ರೆಶರ್ ಪಂಪ್ ಹೋಗಿದೆ, ಇಂಜೆಕ್ಟರ್ ಕೂಡ ಬಿಚ್ಚಬೇಕಂತೆ, ಎಂಬತ್ತೈದು ಸಾವಿರ ಅಂದ್ರು ನೋಡಿ" ಎಂದು ಮೇಷ್ಟ್ರು ಹೇಳುವಾಗ ಅವರ ದನಿಯೇ ಇಳಿದಿತ್ತು.

ನಾನು ಮೊದಲು ಮಾಡಿದ್ದು ಸೆಲ್ಫ್ ಹೊಡೆಸಿ ಕಿವಿಗೊಟ್ಟದ್ದು. ಕಾಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಿ ಹಿಡಿಯುವ ಬಲ) ಸರಿಯಿರುವ ಡೀಸೆಲ್ ಎಂಜಿನ್ ಪ್ರತಿ ಪಿಸ್ಟನ್ನಿಗೂ ಒಮ್ಮೊಮ್ಮೆ ಏದುಸಿರು ಬಿಟ್ಟು ತಿರುಗುತ್ತದೆ. ಇದು ಹೊಲಿಗೆ ಯಂತ್ರದಂತೆ ಹಗುರವಾಗಿ, ಸ್ವಲ್ಪ ಏರುಪೇರಾಗಿ ತಿರುಗುತ್ತಿತ್ತು. ಎರಡನೆಯದಾಗಿ, ಬೆಲ್ಟಿನ ಬೆನ್ನಿಗೂ ಹೈ ಪ್ರೆಶರ್ ಪಂಪಿನ ಪುಲ್ಲಿಗೂ ಸೇರುವಂತೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಹುಡುಗನಿಗೆ ಇನ್ನೊಮ್ಮೆ ಸೆಲ್ಫ್ ಹೊಡೆಯಲು ಹೇಳಿದೆ. ಸ್ಟಾರ್ಟರ್ ಐದು ಸೆಕೆಂಡ್ ಕೂಗಿದರೂ ಗೆರೆ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಈ ಎಂಜಿನ್ನಿನಲ್ಲಿ ಹೈ ಪ್ರೆಶರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್; ಪಂಪ್ ತಿರುಗದಿದ್ದರೆ ರೈಲಿಗೆ ಒತ್ತಡ ಎಲ್ಲಿಂದ ಬರಬೇಕು? ಸ್ಕ್ಯಾನರ್ ಸುಳ್ಳು ಹೇಳಿರಲಿಲ್ಲ, ಅದನ್ನು ಓದಿದವರು ಬೆಲ್ಟ್ ತಿರುಗುತ್ತಿದೆಯೇ ಎಂದು ನೋಡಿರಲಿಲ್ಲ, ಅಷ್ಟೆ.

ಕೆಳಗಿನ ಕವರ್ ಬಿಚ್ಚಿದಾಗ ಮುಷ್ಟಿಯಷ್ಟು ರಬ್ಬರ್ ಪುಡಿ ಕೆಳಕ್ಕೆ ಸುರಿಯಿತು. ಕ್ರಾಂಕ್ ಪುಲ್ಲಿಯನ್ನು ಸುತ್ತಿದ ಭಾಗದಲ್ಲಿ ಬೆಲ್ಟಿನ ಏಳು ಹಲ್ಲುಗಳು ಬುಡಸಮೇತ ಹೋಗಿದ್ದವು. ಉಳಿದ ಬೆಲ್ಟ್ ನಿಜಕ್ಕೂ ಹೊಸದರಂತಿತ್ತು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವಾಟರ್ ಪಂಪಿನ ಕೆಳಗೆ ಕೂಲಂಟ್ ಒಣಗಿ ಗುಲಾಬಿ ಬಣ್ಣದ ಕಲೆಯಾಗಿತ್ತು, ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದರೆ ಒಳಗೆ ಮರಳು ಅರೆದಂತಾಗುತ್ತಿತ್ತು. ತೊಂಬತ್ತು ಸಾವಿರ ಕಿಲೋಮೀಟರಿನ ಹತ್ತಿರ ಯಾರೋ ಬೆಲ್ಟ್ ಒಂದನ್ನೇ ಬದಲಿಸಿ, ಮೂರು ಸಾವಿರ ರೂಪಾಯಿ ಉಳಿಸಿಕೊಡುತ್ತೇನೆಂದು ಹಳೆಯ ವಾಟರ್ ಪಂಪನ್ನೇ ಬಿಟ್ಟಿದ್ದರಂತೆ. ಅದರ ಬೇರಿಂಗ್ ಹಿಡಿದುಕೊಂಡಾಗ ಭಾರವೆಲ್ಲ ಕ್ರಾಂಕಿನ ಹತ್ತಿರದ ಹಲ್ಲುಗಳ ಮೇಲೆ ಬಿದ್ದಿದೆ.

ಇಲ್ಲಿಯವರೆಗಿನದು ಯಾರಾದರೂ ಮಾಡಬಹುದಾದ ಕೆಲಸ. ವಾಲ್ವ್ ಎಷ್ಟು ಬಾಗಿವೆ ಎಂಬುದು ಮುಂದಿನ ಪ್ರಶ್ನೆ, ನನ್ನ ವಿಧಾನ ಬರುವುದೂ ಅಲ್ಲಿಯೇ. ಏನನ್ನೂ ಕದಲಿಸುವ ಮೊದಲು ಮೇಲಿನ ಮುಚ್ಚಳ ತೆಗೆದು, ಕ್ಯಾಮ್ ಎಲ್ಲಿ ನಿಂತಿದೆ ಎಂದು ಫೋಟೊ ತೆಗೆದುಕೊಂಡೆ. ಎರಡನೆಯ ಸಿಲಿಂಡರಿನ ಎಕ್ಸಾಸ್ಟ್ (ಹೊಗೆ ಹೊರಬಿಡುವ ವಾಲ್ವ್) ಮತ್ತು ನಾಲ್ಕನೆಯದರ ಇನ್ಲೆಟ್ (ಗಾಳಿ ಒಳಬಿಡುವ ವಾಲ್ವ್) ಒತ್ತಿಕೊಂಡು, ಅಂದರೆ ತೆರೆದು, ನಿಂತಿದ್ದವು. ಈ ಎಂಜಿನ್ನಿಗೆ ಫ್ಲೈವೀಲ್ ಕಡೆಯಿಂದ ಎಣಿಸಬೇಕೆಂಬುದನ್ನು ಮರೆತರೆ ಲೆಕ್ಕವೆಲ್ಲ ತಲೆಕೆಳಗು. ಕ್ಯಾಮ್ ನಿಂತಾಗ ತೆರೆದಿದ್ದ ವಾಲ್ವಿಗೇ ಬಹುಪಾಲು ಪೆಟ್ಟು ಬೀಳುವುದರಿಂದ, ಅನುಮಾನ ಆ ಎರಡರ ಮೇಲೆ ಮೊದಲೇ ಇತ್ತು.

ಆಮೇಲೆ ಪಿಸ್ಟನ್ ತುದಿಗೇರಿದ ಸ್ಥಾನ ತೋರಿಸುವ ಪಿನ್ನಿಗೆ ಕ್ರಾಂಕನ್ನು ತಂದು, ಪಿನ್ ತೆಗೆದು, ಅಲ್ಲಿಂದ ಕಾಲು ಸುತ್ತು ಹಿಂದಕ್ಕೆ ತಿರುಗಿಸಿದೆ. ನಾಲ್ಕೂ ಪಿಸ್ಟನ್ ಸಿಲಿಂಡರಿನ ನಡುಮಟ್ಟದಲ್ಲಿ ನಿಂತರೆ ಕ್ಯಾಮನ್ನು ಎಷ್ಟು ತಿರುಗಿಸಿದರೂ ವಾಲ್ವ್ ಯಾವುದಕ್ಕೂ ತಾಗುವುದಿಲ್ಲ. ಈ ಬುದ್ಧಿಯನ್ನು ನಾನು ಕಾಸು ಕೊಟ್ಟು ಕಲಿತವನು: ಮೊದಲ ಸಲ ಪಿಸ್ಟನ್ ಇಳಿಸದೆ ಕ್ಯಾಮ್ ತಿರುಗಿಸಿ, ಚೆನ್ನಾಗಿದ್ದ ವಾಲ್ವೊಂದನ್ನು ನಾನೇ ಬಾಗಿಸಿ, ಒಂಬತ್ತು ಸಾವಿರ ಕೈಯಿಂದ ಹಾಕಿದ್ದೆ. ಆ ಗಿರಾಕಿಗೆ ಇಂದಿಗೂ ಅದು ಗೊತ್ತಿಲ್ಲ.

ಒಂದೊಂದೇ ವಾಲ್ವಿನ ಮೇಲೆ ಕ್ಯಾಮಿನ ಬೆನ್ನು, ಅಂದರೆ ಉಬ್ಬಿಲ್ಲದ ಭಾಗ, ಬರುವಂತೆ ತಿರುಗಿಸಿ ನಡುವಿನ ಗ್ಯಾಪ್ ಅಳೆದೆ. ಇನ್ಲೆಟ್ 0.20, ಎಕ್ಸಾಸ್ಟ್ 0.40 ಮಿಲಿಮೀಟರಿನ ಸುತ್ತಮುತ್ತ ಇರಬೇಕು. ಆರು ವಾಲ್ವ್‌ಗಳು ಅಲ್ಲಿಯೇ ಇದ್ದವು. ಕೆಲವು ಒಂದೆರಡು ಹಾಳೆ ಬಿಗಿಯಾಗಿದ್ದವು, ಅಷ್ಟು ಓಡಿದ ಎಂಜಿನ್ನಿಗೆ ಸೀಟ್ (ವಾಲ್ವ್ ಮುಚ್ಚಿದಾಗ ಕೂರುವ ಅಂಚು) ಸವೆದು ಹಾಗಾಗುವುದು ಸಹಜ. ನಾಲ್ಕನೆಯದರ ಇನ್ಲೆಟಿನಲ್ಲಿ 0.45 ಹಾಳೆ ಸಲೀಸಾಗಿ ಹೋಯಿತು. ಎರಡನೆಯದರ ಎಕ್ಸಾಸ್ಟಿನಲ್ಲಿ 0.70 ಕೂಡ ಸಡಿಲ. ಸವೆತದಿಂದ ಗ್ಯಾಪ್ ಬಿಗಿಯಾಗುತ್ತದೆಯೇ ಹೊರತು ಹೀಗೆ ಬಾಯಿ ಬಿಡುವುದಿಲ್ಲ. ಬಾಗಿದ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ ಕೆಳಗೇ ನಿಲ್ಲುತ್ತದೆ, ಅದರೊಂದಿಗೆ ಟ್ಯಾಪೆಟ್ಟಿನ ಬಟ್ಟಲೂ (ಕ್ಯಾಮಿಗೂ ವಾಲ್ವಿಗೂ ನಡುವೆ ಕೂರುವ ಲೋಹದ ಟೊಪ್ಪಿ) ಕೆಳಗೇ ಉಳಿಯುತ್ತದೆ. ಕಾರ್ಬನ್ನಿನ ಚೂರು ಸೀಟಿನ ಮೇಲೆ ಸಿಕ್ಕಿಕೊಂಡರೂ ಇದೇ ರೀತಿ ಕಾಣುವುದುಂಟು. ಬಟ್ಟಲನ್ನು ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮೂರು ಸಲ ಅಳೆದರೂ ಅಳತೆ ಬದಲಾಗಲಿಲ್ಲ. ತಟ್ಟುವ ಮೊದಲು ಹೀಟರ್ ಪ್ಲಗ್ಗಿನ (ತಣ್ಣಗಿನ ಎಂಜಿನ್ ಹಿಡಿಯಲು ಸಿಲಿಂಡರಿನೊಳಗೆ ಬಿಸಿ ಕೊಡುವ ಪ್ಲಗ್) ರಂಧ್ರದಿಂದ ನಾನು ಒಳಗೆ ಬಿಡುವ ದ್ರವ ಯಾವುದು, ಎಷ್ಟು ಹೊತ್ತು ಬಿಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು ನನಗೂ ಇದೆ.

ಕೊನೆಗೆ ಗಾಳಿಯ ಪರೀಕ್ಷೆ. ಹಳೆಯ ಹೀಟರ್ ಪ್ಲಗ್ಗಿನ ಒಳಗನ್ನು ಕೊರೆಸಿ, ಅದಕ್ಕೆ ಗಾಳಿಯ ನಿಪ್ಪಲ್ ಬ್ರೇಜ್ ಮಾಡಿಸಿದ ಅಡಾಪ್ಟರ್ ನನ್ನಲ್ಲಿದೆ. ಲೇತಿನವನು ಮುನ್ನೂರು ರೂಪಾಯಿ ತೆಗೆದುಕೊಂಡಿದ್ದ. ಒಂದೊಂದು ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುವಂತೆ ಕ್ಯಾಮ್ ಇಟ್ಟು, ಪಿಸ್ಟನ್ ಜಾರದಂತೆ ಗೇರಿನಲ್ಲಿ ನಿಲ್ಲಿಸಿ ಗಾಳಿ ಕೊಟ್ಟೆ. ಎರಡನೆಯದರ ಗಾಳಿ ಸೈಲೆನ್ಸರ್ ಪೈಪಿನಲ್ಲಿ ಬುಸುಗುಟ್ಟಿತು, ನಾಲ್ಕನೆಯದರದು ಇನ್ಟೇಕಿನಲ್ಲಿ. ಒಂದು ಮತ್ತು ಮೂರರಲ್ಲಿ ಆಯಿಲ್ ಮುಚ್ಚಳದ ಬಳಿ ಸಣ್ಣ ಉಸಿರು ಬಿಟ್ಟರೆ ಬೇರೇನೂ ಇಲ್ಲ.

ಪಕ್ಕದ ಶೆಡ್ಡಿನ ಗೆಳೆಯನನ್ನು ಕರೆದು, ಎರಡೇ ವಾಲ್ವ್, ಪಿಸ್ಟನ್ನಿಗೆ ಏನೂ ಆಗಿಲ್ಲ ಎಂದು ಚೀಟಿಯಲ್ಲಿ ಬರೆದು ಅವನ ಜೇಬಿಗೇ ಹಾಕಿದೆ. "ಡೀಸೆಲ್ ಕಣೋ ಇದು, ಕಡಿಮೆ ಅಂದ್ರೂ ಆರು ಬಾಗಿರ್ತಾವೆ" ಎಂದ ಅವನು ಬೆಣ್ಣೆ ದೋಸೆಯ ಪಂಥ ಕಟ್ಟಿದ. ಮರುದಿನ ಹೆಡ್ ಇಳಿಸಿ, ಎಂಟೂ ವಾಲ್ವನ್ನು ಗಾಜಿನ ಹಲಗೆಯ ಮೇಲೆ ಒಂದೊಂದಾಗಿ ಉರುಳಿಸಿದೆವು. ಆರು ನೆಟ್ಟಗೆ ಉರುಳಿದವು; ನಾನು ಬರೆದುಕೊಟ್ಟ ಎರಡು ಮಾತ್ರ ತಲೆ ಆಡಿಸಿದವು. ಆ ಎರಡು ಪಿಸ್ಟನ್ನುಗಳ ಮೇಲೆ ಉಗುರು ಒತ್ತಿದಂತಹ ಗುರುತು ಇತ್ತು, ಬಿರುಕು ಇರಲಿಲ್ಲ. ದೋಸೆ ಅವನೇ ಕೊಡಿಸಿದ, ನಾನು ಮೂರು ತಿಂದೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ: ಟೆನ್ಷನರ್ ಸಹಿತ ಬೆಲ್ಟ್ ಕಿಟ್ ಮತ್ತು ವಾಟರ್ ಪಂಪ್ ಸೇರಿ ಒಂಬತ್ತೂವರೆ ಸಾವಿರ, ಎರಡು ವಾಲ್ವ್, ಸೀಲ್, ಹೆಡ್ ಗ್ಯಾಸ್ಕೆಟ್ ಎಲ್ಲ ಕೂಡಿ ಏಳರ ಹತ್ತಿರ, ಲೇತಿನಲ್ಲಿ ಸೀಟ್ ಕೆಲಸಕ್ಕೆ ಮೂರು, ನನ್ನ ಕೂಲಿ ಹನ್ನೆರಡು. ಮೇಷ್ಟ್ರು ಮೂವತ್ತೊಂದು ಸಾವಿರದ ಚಿಲ್ಲರೆ ಕೊಟ್ಟರು. ಹೈ ಪ್ರೆಶರ್ ಪಂಪನ್ನೂ ಇಂಜೆಕ್ಟರನ್ನೂ ಯಾರೂ ಮುಟ್ಟಲಿಲ್ಲ. ಈ ಎಂಜಿನ್ನಿನಲ್ಲಿ ಶಿಮ್ (ಗ್ಯಾಪ್ ಹೊಂದಿಸುವ ತೆಳು ಬಿಲ್ಲೆ) ಇಲ್ಲ, ಗ್ಯಾಪ್ ಸರಿಪಡಿಸಲು ಬೇರೆ ದಪ್ಪದ ಬಟ್ಟಲನ್ನೇ ಹಾಕಬೇಕು. ಗುಜರಿಗೆ ಹೋಗುವ ಹೆಡ್‌ಗಳಿಂದ ನಾನು ಕೂಡಿಟ್ಟ ಒಂದು ಡಬ್ಬಿ ಬಟ್ಟಲುಗಳಿರುವುದರಿಂದ ಅಲ್ಲಿಯೂ ಎರಡು ಸಾವಿರ ಉಳಿಯಿತು.

ವಿಧಾನ ಎಲ್ಲ ಕಡೆಯೂ ನಡೆಯುತ್ತದೆಂದು ತಿಳಿಯಬೇಡಿ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನೊಂದರಲ್ಲಿ ಇದನ್ನೇ ಮಾಡಿ, ಗ್ಯಾಪ್ ಸರಿಯಿದೆ ಎಂದು ಬೆಲ್ಟ್ ಹಾಕಿ ಕೊಟ್ಟು, ನಾಲ್ಕನೇ ದಿನ ಕಾರು ಟೋ ಆಗಿ ವಾಪಸ್ ಬಂದಾಗ ಆರು ಸಾವಿರ ಕಳೆದುಕೊಂಡೆ. ಅಲ್ಲಿ ಟ್ಯಾಪೆಟ್ ತಾನೇ ಉಬ್ಬಿ ಗ್ಯಾಪನ್ನು ಮುಚ್ಚಿಬಿಡುತ್ತದೆ. ಅಲ್ಲಿ ನೆಚ್ಚಬೇಕಾದದ್ದು ಗಾಳಿಯ ಪರೀಕ್ಷೆಯನ್ನೇ. ಏಳು ಸಾವಿರ ಕೊಟ್ಟು ಲ್ಯಾಪ್‌ಟಾಪಿಗೆ ಹಾಕಿ ಸೆನ್ಸರಿನ ವಿದ್ಯುತ್ ಅಲೆ ನೋಡುವ ಆಸಿಲೋಸ್ಕೋಪನ್ನೂ ತಂದಿದ್ದೆ. ಒಂದು ಹಲ್ಲು ಜಿಗಿದ ಕಾರಿನಲ್ಲಿ ಕ್ರಾಂಕ್ ಮತ್ತು ಕ್ಯಾಮ್ ಸೆನ್ಸರಿನ ಅಲೆಗಳನ್ನು ಹೋಲಿಸಲು ಅದು ಚೆನ್ನ. ಕ್ಯಾಮ್ ತಿರುಗದೆಯೇ ನಿಂತ ಕಾರಿನಲ್ಲಿ ಅದಕ್ಕಿಂತ ಒಂದು ರೂಪಾಯಿಯ ಸೀಮೆಸುಣ್ಣ ಮೇಲು. ಸೆಲ್ಫ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳುವ ಪ್ರಯೋಗ ಇನ್ನೂ ನಡೆದಿದೆ, ಈವರೆಗೆ ಹದಿನೆಂಟೋ ಇಪ್ಪತ್ತೋ ಕಾರಿನದು ಸೇರಿದೆ.

ವೆರಿಟೊ ಹೋದ ಎರಡು ತಿಂಗಳಿಗೆ ಅದೇ ಎಂಜಿನ್ನಿನ ಸನ್ನಿಯೊಂದನ್ನು ಆ ಗೆಳೆಯನೇ ನನ್ನ ಶೆಡ್ಡಿಗೆ ತಳ್ಳಿಸಿಕೊಂಡು ಬಂದ. ಬೆಳಿಗ್ಗೆ ಸೆಲ್ಫ್ ಹೊಡೆಯುವಾಗಲೇ ಅದರ ಬೆಲ್ಟಿನ ಹಲ್ಲು ಹೋಗಿತ್ತು. ಎಂಟೂ ಗ್ಯಾಪ್ ಸರಿಯಿತ್ತು, ಗಾಳಿಯೂ ಎಲ್ಲಿಯೂ ಸೋರಲಿಲ್ಲ. ಹೆಡ್ ಮುಟ್ಟದೆ ಕಿಟ್ ಮತ್ತು ವಾಟರ್ ಪಂಪ್ ಹಾಕಿ, ಹದಿಮೂರು ಸಾವಿರದಲ್ಲಿ ಸಂಜೆಗೆ ಓಡಿಸಿ ಕೊಟ್ಟೆವು. ಅಲ್ಲಿಂದೀಚೆಗೆ ಅದು ಇಪ್ಪತ್ತೆರಡು ಸಾವಿರ ಕಿಲೋಮೀಟರ್ ಓಡಿದೆ. ಕಳೆದ ತಿಂಗಳು ಆಯಿಲ್ ಬದಲಿಸಲು ಬಂದಾಗ ಗೆಳೆಯ ತಾನೇ ಮುಚ್ಚಳ ಬಿಚ್ಚಿ, ನನ್ನ ಗೇಜ್ ಇಸಿದುಕೊಂಡು, ಎಂಟನ್ನೂ ಮತ್ತೆ ಅಳೆದ. ಮೂರನೆಯದರ ಎಕ್ಸಾಸ್ಟ್ ಮಾತ್ರ 0.02 ಬಿಗಿಯಾಗಿತ್ತು.