ಮಿಶನ್ ಸೇವೆಗೆ ಹೊರಟವರ ಬ್ಯಾಗಿಗೆ ಒಂದು ಹಿಡಿ ಮುರುಗಲು
ಫಿಲಿಪ್ಪೀನ್ಸ್‌ಗೆ ಮಿಶನ್ ಸೇವೆಗೆ ಹೋಗಿ ಅಲ್ಲಿಯ ಕುಟುಂಬದ ಜೊತೆ ಉಳಿಯುವವರು ಚಾಕೊಲೇಟ್ ಬದಲು ಚೆನ್ನಾಗಿ ಒಣಗಿದ ಮುರುಗಲು (ಕೋಕಂ) ಸಿಪ್ಪೆ ಒಯ್ಯಿರಿ. ಮೊದಲ ವಾರವೇ ಮನೆಯಮ್ಮನ ಪಕ್ಕ ನಿಂತು ಒಂದು ಮೀನು ಸಾರು ಮಾಡಿ. ಅವರ ಸಿನಿಗಾಂಗ್ ಕೂಡ ಹುಳಿ ಸಾರೇ. ಸಾಮಾನ್ಯವಾಗಿ ಹುಣಸೆ ಹಾಕುತ್ತಾರೆ, ಇಲೊಯಿಲೊ ಕಡೆ ಬಟುವಾನ್ ಅಂತ ಒಂದು ಹಣ್ಣು. ಅದು ನಮ್ಮ ಮುರುಗಲಿನ ದಾಯಾದಿಯೇ, ಎರಡೂ ಗಾರ್ಸಿನಿಯಾ ಎಂಬ ಒಂದೇ ಸಸ್ಯಕುಲದವು. ಹಾಗಾಗಿ ಈ ಹುಳಿ ಅವರ ನಾಲಿಗೆಗೆ ಅಪರಿಚಿತ ಅಲ್ಲ. ನಾಲ್ಕೈದು ಸಿಪ್ಪೆ ಬಿಸಿನೀರಲ್ಲಿ ನೆನೆಸಿ, ನೀರು ಕಡುಗೆಂಪಾದ ಮೇಲೆ ಸಾರಿಗೆ ಸುರಿದರಾಯ್ತು. ಕೈಗೆ ಕೆಲಸವಿದ್ದರೆ ಭಾಷೆ ಬಾರದ ಮುಜುಗರವೂ ಕಡಿಮೆ, ಅಲ್ವಾ? ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಶುಕ್ರವಾರ ಆದರೆ ಇನ್ನೂ ಒಳ್ಳೆಯದು, ಕ್ಯಾಥೊಲಿಕ್ ಮನೆಗಳಲ್ಲಿ ಅವತ್ತು ಮಾಂಸ ಇರಲ್ಲ. ಖಾರ ಮಾತ್ರ ಕಾರವಾರದ ಲೆಕ್ಕದಲ್ಲಿ ಬೇಡ, ಬಿಕೋಲ್ ಕಡೆ ಬಿಟ್ಟರೆ ಅಲ್ಲಿ ಮೆಣಸು ಜಾಸ್ತಿ ತಿನ್ನುವುದಿಲ್ಲ. ಅತಿಥಿ ಒಲೆ ಮುಟ್ಟುವುದು ಕೆಲವು ಮನೆಯವರಿಗೆ ಸರಿಬರಲ್ಲ. ಅಲ್ಲಿ ಹಟ ಮಾಡದೆ ಸುಮ್ನೆ ಪಾತ್ರೆ ತೊಳೆಯಿರಿ. ಹಸಿ ಹಣ್ಣು, ಬೀಜ ಒಯ್ಯಲೇಬೇಡಿ. ಒಣಗಿದ್ದನ್ನೂ ಆ ದೇಶದ ಕಸ್ಟಮ್ಸ್ ಫಾರ್ಮಿನಲ್ಲಿ ಬರೆಯಿರಿ. ನಿಮ್ಮ ಸೇವೆ ನ್ಯೂಜಿಲೆಂಡಿನಲ್ಲಾದರೆ ಇದನ್ನಂತೂ ಮರೆಯಬೇಡಿ, ಹೇಳದೆ ಒಯ್ದರೆ ಅಲ್ಲೇ 400 ಡಾಲರ್ ದಂಡ ಬೀಳಬಹುದು.