ಪಿಂಕ್ ಫ್ಲಾಯ್ಡ್ ಕವರ್: ಹಾಡು ಆರಿಸಲು ಗಿಟಾರಿಸ್ಟ್‌ಗೆ ಬಿಡಬೇಡಿ

ಇಂಗ್ಲಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಹಾಡು ನುಡಿಸೋಣ ಅಂದ ಕೂಡಲೇ ಬ್ಯಾಂಡಿನ ಗಿಟಾರಿಸ್ಟ್ ‘ಕಂಫರ್ಟಬ್ಲಿ ನಂಬ್’ ಅನ್ನುತ್ತಾನೆ. ನಾನೂ ಗಿಟಾರಿನವನೇ, ಆದರೂ ಹೇಳುತ್ತೇನೆ: ಆ ಮಾತಿಗೆ ಸೊಪ್ಪು ಹಾಕಬೇಡಿ. ಸೋಲೋವನ್ನು ಯಾರಾದರೂ ಕೂತು ಕಲಿಯಬಹುದು, ವೇದಿಕೆಯಲ್ಲಿ ಕೆಡುವುದು ಲಯ. ಅದರ ನಡೆ ನಿಮಿಷಕ್ಕೆ ಸುಮಾರು 64 ಬೀಟ್, ಅಂದರೆ ಒಂದು ಬೀಟಿನಿಂದ ಇನ್ನೊಂದಕ್ಕೆ ಹತ್ತಿರಹತ್ತಿರ ಒಂದು ಸೆಕೆಂಡ್. ಮದುವೆ ರಿಸೆಪ್ಶನ್‌ಗಳಲ್ಲಿ ಬೈಲಾ ನುಡಿಸಿ ಕೈ ಪಳಗಿದ ಡ್ರಮ್ಮರ್ ಅಷ್ಟು ಜಾಗ ಖಾಲಿ ಬಿಡಲಾರ. ಕೊನೆಯ ಸೋಲೋ ಬರುವಷ್ಟರಲ್ಲಿ ಹಾಡು ಓಡುತ್ತಿರುತ್ತದೆ. ಸಾಲದ್ದಕ್ಕೆ ಇಬ್ಬರು ಗಾಯಕರು ಬೇಕು. ಬಿ ಮೈನರಿನ ಚರಣ ಬ್ಯಾಂಡಿನ ಬಾಸಿಸ್ಟ್ ರೋಜರ್ ವಾಟರ್ಸ್‌ದು, ಮಾತಾಡಿದಂತೆ ತಗ್ಗಿನಲ್ಲಿ. ಡಿ ಮೇಜರಿನ ಕೋರಸ್ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್‌ದು, ಎತ್ತರದಲ್ಲಿ. ಎರಡನ್ನೂ ಒಂದೇ ಕಂಠ ಹಾಡಿದರೆ ಅಲ್ಲಿರುವ ಸಂಭಾಷಣೆಯೇ ಮಾಯ.

ಮಂಗಳೂರಿನ ಬ್ಯಾಂಡು ಮೊದಲು ಎತ್ತಿಕೊಳ್ಳಬೇಕಾದದ್ದು 1973ರ ‘ಮನಿ’. ಕಾರಣ ಸ್ಯಾಕ್ಸೋಫೋನ್. ಬೇರೆ ಕಡೆ ಆ ಭಾಗವನ್ನು ಕೀಬೋರ್ಡಿನಲ್ಲಿ ಹೇಗೋ ಸಾಗಿಸುತ್ತಾರೆ. ಕದ್ರಿ ಗೋಪಾಲನಾಥರ ಊರಿನಲ್ಲಿ ಆ ದುರ್ಗತಿ ಯಾಕೆ? ದೇವಸ್ಥಾನದ ಉತ್ಸವ, ಮದುವೆ ಮನೆಗಳಲ್ಲಿ ನುಡಿಸುವವರಲ್ಲಿ ಒಬ್ಬರನ್ನು ಕರೆಯಿರಿ. ಸ್ಟಾಫ್ ನೊಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಹಿಡಿಸಬೇಡಿ. ಹಾಡು ಬಿ ಮೈನರಿನದು. ‘ಷಡ್ಜ ಏಳನೇ ಬಿಳಿ ಮನೆ, ರಾಗ ಶುದ್ಧ ಧನ್ಯಾಸಿ’ ಎಂದರೆ ಕೆಲಸ ಮುಗಿಯಿತು, ಯಾಕೆಂದರೆ ಅದರ ಸ ಗ ಮ ಪ ನಿ ಅಂದರೆ ರಾಕ್‌ನವರ ಐದು ಸ್ವರದ ಮೈನರ್ ಪೆಂಟಾಟೋನಿಕ್ಕೇ. ಬ್ಲೂಸ್ ಬಣ್ಣಕ್ಕೆ ಪಂಚಮಕ್ಕೆ ಹೋಗುವ ದಾರಿಯಲ್ಲಿ ಪ್ರತಿಮಧ್ಯಮವನ್ನು ಮುಟ್ಟಲಿ, ಅಲ್ಲಿ ನಿಲ್ಲದಿರಲಿ. ಗಾಂಧಾರದ ಮೇಲಿನ ಜಾರು ಹಾಗೇ ಇರಲಿ, ಚೆನ್ನಾಗಿಯೇ ಒಗ್ಗುತ್ತದೆ. ಬಿರ್ಕಾಗಳನ್ನು (ವೇಗದ ಸ್ವರಗುಚ್ಛಗಳನ್ನು) ಮಾತ್ರ ತಡೆಯಿರಿ. ನೊಟೇಶನ್ ಓದುವ ಬ್ರಾಸ್ ಬ್ಯಾಂಡಿನವರಾದರೆ ಆಲ್ಟೋ ಸ್ಯಾಕ್ಸೋಫೋನಿಗೆ ಜಿ ಶಾರ್ಪ್ ಮೈನರ್, ಟೆನರ್‌ಗೆ ಸಿ ಶಾರ್ಪ್ ಮೈನರ್ ಬರೆದುಕೊಡಿ. ರೆಕಾರ್ಡಿನಲ್ಲಿ ಡಿಕ್ ಪ್ಯಾರಿ ನುಡಿಸಿದ್ದು ಟೆನರ್. ಆಲ್ಟೋದಲ್ಲಿ ಸಿಗದ ಸ್ವರಗಳನ್ನು ಒಂದು ಸ್ಥಾಯಿ ಮೇಲಕ್ಕೆತ್ತಿ. ಶ್ರುತಿ ಸೇರಿಸುವುದು ವಾದ್ಯವನ್ನು ಊದಿ ಬೆಚ್ಚಗೆ ಮಾಡಿದ ಮೇಲೆ. ಎಸಿ ಹಾಲಿನಲ್ಲಿ ತಣ್ಣಗಿದ್ದರೆ ಇಳಿದೇ ಇರುತ್ತದೆ. ಮೌತ್‌ಪೀಸ್ ಒಳಗೆ ತಳ್ಳಿದರೆ ಏರುತ್ತದೆ.

‘ಮನಿ’ಯ ತಾಳ ಏಳು. ತ್ರಿಪುಟದ ಏಳಕ್ಷರ ಎಂದರೆ ಎಣಿಕೆ ಸಿಗುತ್ತದೆ, ಆದರೆ ಅದರ 3+2+2ರ ಒತ್ತನ್ನು ಇಲ್ಲಿಗೆ ತರಬೇಡಿ. ಬಾಸ್ ರಿಫ್ (ಮತ್ತೆಮತ್ತೆ ಬರುವ ತುಣುಕು) ಬಾಯಿಪಾಠ ಆಗುವವರೆಗೆ ಹಾಡಿಸಿ. ಗಿಟಾರ್ ಸೋಲೋದಲ್ಲಿ ತಾಳ ನಾಲ್ಕಾಗಿ, ಮುಗಿದಾಗ ಏಳಕ್ಕೆ ಮರಳುತ್ತದೆ. ಎಡವುವುದು ಮರಳುವಾಗಲೇ, ಯಾಕೆಂದರೆ ಸೋಲೋದಲ್ಲಿ ಮುಳುಗಿದವನು ಸುತ್ತು ಎಣಿಸುವುದಿಲ್ಲ. ಎಣಿಕೆಯನ್ನು ಬಾಸ್‌ನವರಿಗೆ ವಹಿಸಿ. ಅವರು ಗಿಟಾರಿನ ಕತ್ತು ಎತ್ತಿದರೆ ಎಲ್ಲರೂ ವಾಪಸು. ಸೋಲೋದ ಮೂರು ಸುತ್ತುಗಳಲ್ಲಿ ನಡುವಿನದು ಒಣಗಿದ್ದರೇ ಚಂದ: ಡಿಲೇ (ಪ್ರತಿಧ್ವನಿ), ರಿವರ್ಬ್ (ಗುಂಗು) ಎರಡೂ ಆಫ್, ಡ್ರಮ್ಸ್ ಮೆಲ್ಲಗೆ. ಆಗಲೇ ಮೂರನೆಯದು ದೊಡ್ಡದಾಗಿ ಕೇಳುವುದು. ಆರಂಭದ ನಾಣ್ಯದ ಸದ್ದಿನ ಲೂಪನ್ನು ಬಾಸ್ ಬಂದ ಮೇಲೆ ಇಳಿಸಿಬಿಡಿ. ಡ್ರಮ್ಮರ್ ಕಿವಿಯಲ್ಲಿ ಕ್ಲಿಕ್ (ಲಯ ಹಿಡಿಸುವ ಟಿಕ್‌ಟಿಕ್) ಇಲ್ಲದಿದ್ದರೆ ನಾಲ್ಕೈದು ಆವರ್ತಕ್ಕೇ ಅದು ದಾರಿ ತಪ್ಪುತ್ತದೆ.

‘ರನ್ ಲೈಕ್ ಹೆಲ್’ಗಂತೂ ಕ್ಲಿಕ್ ಬೇಕೇ ಬೇಕು. ಆರನೇ ತಂತಿಯನ್ನು ಡಿಗೆ ಇಳಿಸಿ. ಗಿಟಾರಿನ ಅರ್ಧ ಕೆಲಸ ಡಿಲೇಯದ್ದು: ನಿಮಿಷಕ್ಕೆ 117 ಬೀಟ್ ನಡೆಗೆ ಮುಕ್ಕಾಲು ಬೀಟ್, ಸುಮಾರು 385 ಮಿಲಿಸೆಕೆಂಡ್. ನಡೆ 122ಕ್ಕೆ ಏರಿದರೆ 369 ಬೇಕು. ಪೆಡಲ್ ಹಳೆಯ ಲೆಕ್ಕದಲ್ಲೇ ಇದ್ದರೆ ಗಿಟಾರೂ ಡ್ರಮ್ಸೂ ಬೇರೆಬೇರೆ ಹಾಡು ನುಡಿಸಿದಂತಾಗುತ್ತದೆ.

‘ವಿಶ್ ಯು ವರ್ ಹಿಯರ್’ ಎರಡು ಅಕೂಸ್ಟಿಕ್ ಇದ್ದರೆ ಮಾತ್ರ. ಮೊದಲ ಗಿಟಾರಿಗೆ ಹಳೇ ರೇಡಿಯೋದ ದನಿ ಬರಲು ಮಿಕ್ಸರಿನಲ್ಲಿ 300 ಹರ್ಟ್ಸ್‌ನ ಕೆಳಗೆ, 3 ಕಿಲೋಹರ್ಟ್ಸ್‌ನ ಮೇಲೆ ಕತ್ತರಿಸಿ. ಬಿಗ್ ಮಫ್ ಎಂಬ ಡಿಸ್ಟಾರ್ಶನ್ ಪೆಡಲ್ ತಂದವರಿಗೆ ಒಂದು ಮಾತು: ಮನೆಯಲ್ಲಿ ಗೋಡೆ ನಡುಗಿಸುವ ಆ ಸದ್ದು ಬ್ಯಾಂಡಿನ ನಡುವೆ ಕಾಣೆಯಾಗುತ್ತದೆ. ಅದರಲ್ಲಿ ಮಿಡ್ (ನಡುವಿನ ಕಂಪನಗಳು) ಕಡಿಮೆ. ವಾಲ್ಯೂಮ್ ಏರಿಸುವ ಬದಲು ಅದರ ನಂತರ ಮಿಡ್ ಎತ್ತುವ ಓವರ್‌ಡ್ರೈವ್ ಪೆಡಲ್ ಇಡಿ.

ರಾತ್ರಿ 10ಕ್ಕೆ ಮೈಕ್ ನಿಲ್ಲಬೇಕು. ಹಾಗಾಗಿ ಉದ್ದದ ಹಾಡು ಕೊನೆಗಿಟ್ಟರೆ ಸೋಲೋ ಮಧ್ಯೆಯೇ ಪ್ಲಗ್ ಕಿತ್ತಾರು. ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಅನ್ನು ರೆಸ್ಟೊಬಾರಿನಲ್ಲಿ ಮುಟ್ಟಲೇಬೇಡಿ, ಹಾಡು ಶುರುವಾಗುವಷ್ಟರಲ್ಲಿ ಜನ ಎರಡನೇ ಪ್ಲೇಟ್ ಮುಗಿಸಿರುತ್ತಾರೆ. ಯಾರಾದರೂ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಕೇಳಿಯೇ ಕೇಳುತ್ತಾರೆ. ಅದು ಬೇರೆ ಬ್ಯಾಂಡಿನದು ಎಂದು ವಾದಿಸದೆ ನುಡಿಸಿಬಿಡಿ. ಹಾಡು ಬರೆದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿ ಆಯೋಜಕರು ತೆಗೆದಿದ್ದಾರಾ ಎಂದು ಮುಂಗಡ ಪಡೆಯುವಾಗಲೇ ಕೇಳಿಕೊಳ್ಳಿ.

ಪಣಂಬೂರು, ಮಲ್ಪೆ ಕಡೆ ಬೀಚಿನಲ್ಲಾದರೆ ಪ್ರತಿ ಮೈಕಿಗೂ ಫೋಮ್ ಟೋಪಿ, ಗಿಟಾರಿಗೆ ಕೋಟೆಡ್ (ಲೇಪನವಿರುವ) ತಂತಿ. ಮಳೆಗಾಲದಲ್ಲಿ ಅಕೂಸ್ಟಿಕ್‌ನ ಮೇಲ್ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ. ಕೇಸಿನೊಳಗೆ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದ ಕೂಡಲೇ ಬದಲಾಯಿಸಿ.